ಸಾವಿರ ವಾಟಿನ ಅಳಿಯ

ಮೇಡ್ಲೇರಿಯ ನಮ್ಮ ಮನೆಯಲ್ಲಿ ಸಾವಿರ ವಾಟ್ ಅಂದರೆ ಇಷ್ಟು ದಿನ ಇಸ್ತ್ರಿಪೆಟ್ಟಿಗೆ. ಈಗ ಅಳಿಯನ ಎಸ್‌ಎಂಪಿಎಸ್ಸೂ ಆ ಸಾಲಿಗೆ ಸೇರಿದೆ. ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬ ಸ್ವಾಮಿ, ಇವನು ಅದನ್ನು ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದ. ಬಾಣಂತಿಯನ್ನೂ ಯಾರೂ ಅಷ್ಟು ಜೋಪಾನವಾಗಿ ಕರೆತರಲಿಕ್ಕಿಲ್ಲ.

ಇಷ್ಟಕ್ಕೂ ಇವನ ಕಂಪ್ಯೂಟರ್ ತಿನ್ನುವುದೆಷ್ಟು? ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವಾಟ್, ಪ್ರೊಸೆಸರಿಗೆ ಹೆಚ್ಚೆಂದರೆ ತೊಂಬತ್ತು. ಫ್ಯಾನು, ಡಿಸ್ಕು, ಬಣ್ಣದ ದೀಪದ ಶೋಕಿ ಎಲ್ಲ ಸೇರಿದರೂ 250ರ ಆಸುಪಾಸು. ಕಾರ್ಡು ಮಾಡಿದ ಎನ್ವಿಡಿಯಾದವರೇ ಇದಕ್ಕೆ 550 ವಾಟಿನ ಸಪ್ಲೈ ಸಾಕು ಅಂದಿದ್ದಾರೆ. ಒಂದೂವರೆ ಇಂಚು ನೀರಿನ ಬೋರಿಗೆ ಹತ್ತು ಎಚ್‌ಪಿ ಮೋಟರ್ ಇಳಿಸಿದಂಗಾತಲ್ಲೋ ಅಂದೆ. "ಹೆಡ್‌ರೂಮ್ ಇರಬೇಕ್ರೀ ಮಾಮಾ" ಅಂದ. ಇವನು ಮಲಗುವ ಕೋಣೆಯಲ್ಲಿ ಕಾಲು ಚಾಚಲಿಕ್ಕೆ ಜಾಗವಿಲ್ಲ, ಡಬ್ಬಕ್ಕೆ ಹೆಡ್‌ರೂಮ್!

ಅವನವ್ವ, ಅಂದರೆ ನಮ್ಮಕ್ಕನ ಚಿಂತೆ ಬೇರೆ. "ಸಾವಿರ ವಾಟ್ ಹಚ್ಚಿದ್ರ ಗೃಹಜ್ಯೋತಿ ಆರಿ ಹೋಗತೈತೇನೋ?" 2023ರಲ್ಲಿ ಬಂದ ಪುಕ್ಕಟೆ ಕರೆಂಟಿನ ಯೋಜನೆ, 200 ಯುನಿಟ್ ಒಳಗೆ, ಅದೂ ಹಳೆಯ ಸರಾಸರಿಯ ಮೇಲೆ ಶೇ. 10ರಷ್ಟು ಮಾತ್ರ ಹೆಚ್ಚು ಬಳಸಬಹುದು. ಅಕ್ಕ ಮೀಟರಿನ ಮೇಲೆ ಇಟ್ಟಿರುವ ಕಣ್ಣನ್ನು ನಾವು ಮಕ್ಕಳ ಮೇಲೂ ಇಟ್ಟಿಲ್ಲ. ಸಾವಿರ ಅನ್ನುವುದು ಕೊಡಬಲ್ಲ ತಾಕತ್ತು, ಕಂಪ್ಯೂಟರ್ ಕೇಳಿದಷ್ಟೇ ಎಳೆಯುತ್ತದೆ ಅಂತ ತಿಳಿಹೇಳಿದೆ. ಅಷ್ಟಕ್ಕೇ ಬಿಡುತ್ತಾನೆಯೇ ಅಳಿಯ, "ಇದು 80 ಪ್ಲಸ್ ಗೋಲ್ಡ್ ಯವ್ವಾ, ಕರೆಂಟ್ ಉಳಸತೈತಿ" ಅಂದ. 2004ರಲ್ಲಿ ಶುರುವಾದ ದರ್ಜೆಪಟ್ಟಿ ಅದು. 230 ವೋಲ್ಟಿನಲ್ಲಿ, ಅರ್ಧ ಹೊರೆಗೆ, ಎಳೆದುಕೊಂಡ ಕರೆಂಟಿನಲ್ಲಿ ಶೇ. 92 ಭಾಗ ಕಂಪ್ಯೂಟರಿಗೆ ಮುಟ್ಟಿಸಿದರೆ ಗೋಲ್ಡ್. ಕಂಚಿನ ದರ್ಜೆಗಿಂತ ಇವನಿಗೆ ಉಳಿಯುವುದು ಹದಿನೈದಿಪ್ಪತ್ತು ವಾಟ್, ಅಂದರೆ ಎರಡು ಎಲ್‌ಇಡಿ ಬಲ್ಬು. ಅದೂ ಗೇಮ್ ಆಡುವಾಗ. ಸುಮ್ಮನೆ ಸಿನಿಮಾ ನೋಡುತ್ತ ಕೂತರೆ ಹೊರೆ ಶೇ. 20ಕ್ಕಿಂತ ಎಷ್ಟೋ ಕೆಳಗೆ. ಅಲ್ಲಿ ಗೋಲ್ಡ್ ದರ್ಜೆಯ ಪರೀಕ್ಷೆಯೇ ಇಲ್ಲ.

ಡಬ್ಬ ಮಾಡ್ಯುಲರ್ ಬೇರೆ, ಅಂದರೆ ಬೇಕಾದ ಕೇಬಲ್ ಮಾತ್ರ ಸಿಕ್ಕಿಸಿ ಉಳಿದದ್ದನ್ನು ಚೀಲದಲ್ಲಿಡುವುದು. ಚೀಲ ಟ್ರಂಕು ಸೇರಿತು. ಮರುದಿನವೇ ಗೆಳೆಯನೊಬ್ಬ ಹಾಜರ್: "ನಿಂದೊಂದು ವೈರ್ ಕೊಡೋ, ಹಾರ್ಡ್‌ಡಿಸ್ಕಿಗೆ ಬೇಕು." ಇಲ್ಲಿ ಮಾತ್ರ ಅಳಿಯ ಜಾಣ, ಕೊಡಲಿಲ್ಲ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಯದೂ ಒಂದೇ. ಡಬ್ಬದ ಕಡೆಯ ತುದಿಯಲ್ಲಿ ಯಾವ ತೂತಿನಲ್ಲಿ 12 ವೋಲ್ಟ್, ಯಾವುದರಲ್ಲಿ 5 ಅನ್ನುವುದು ಅವರವರ ಇಷ್ಟ. ಸರಾಗವಾಗಿ ಕೂರುತ್ತದೆ, ಸರಾಗವಾಗಿ ಸುಡುತ್ತದೆ.

ಪರೀಕ್ಷೆಗೆಂದು ಮೋಟರ್ ವೈಂಡಿಂಗ್ ಮೇಸ್ತ್ರಿಯನ್ನು ಕರೆಸಿದೆವು. ಅವರು ಡಬ್ಬವನ್ನು ಕೈಯಲ್ಲಿ ತೂಗಿ "ತಾಮ್ರ ಐತಿ" ಅಂತ ಮೆಚ್ಚಿದರು. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಗೂ ಕರಿ ತಂತಿಗೂ ಪಿನ್ನು ಜೋಡಿಸಿ ಸ್ವಿಚ್ ಹಾಕಬೇಕು. ನೋಡಿದರೆ ಇದರಲ್ಲಿ ಎಲ್ಲವೂ ಕರಿ. ಎಣಿಸಿ ಎಣಿಸಿ ಹದಿನಾರು, ಹದಿನೇಳನೆಯದು ಹುಡುಕಿ ಜೋಡಿಸಿದರೆ ಫ್ಯಾನ್ ಅಲ್ಲಾಡಲಿಲ್ಲ. "ಸತ್ತೈತಿ" ಅಂತ ಮೇಸ್ತ್ರಿ ಷರಾ ಬರೆದೇ ಬಿಟ್ಟರು. ಮೀಟರ್ ಹಚ್ಚಿದರೆ 12.1 ವೋಲ್ಟ್! ಹೊರೆ ಕಮ್ಮಿಯಿದ್ದಾಗ ಫ್ಯಾನ್ ತಿರುಗದಂತೆ ಮಾಡಿರುತ್ತಾರಂತೆ. ನಮ್ಮ ಪೈಕಿಯೂ ಅಂಥವರು ಬಹಳ.

ಡಬ್ಬ ಕ್ಯಾಬಿನೆಟ್ ಸೇರಿದ ಮೇಲೆ ಮೇಸ್ತ್ರಿ ಅದರ ತಗಡು ಮುಟ್ಟಿದಾಗ ಬೆರಳು ಜುಮ್ಮೆಂದಿತು. ಡಬ್ಬದೊಳಗಿನ ಫಿಲ್ಟರ್ ಕೆಪಾಸಿಟರುಗಳು ಸೋರುವ ಚೂರು ಕರೆಂಟನ್ನು ಅರ್ಥಿಂಗಿಗೆ ಕಳಿಸುತ್ತವೆ. ಅರ್ಥಿಂಗೇ ಇಲ್ಲದಿದ್ದರೆ ಅದು ತಗಡಿನ ಮೇಲೆ ಕಾಯುತ್ತ ಕೂರುತ್ತದೆ. ಹಿತ್ತಲಿನ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಎರಡು ಕೊಡ ನೀರು ಹೊಯ್ದ ಮೇಲೆ ಜುಮ್ಮು ನಿಂತಿತು. ಇಷ್ಟು ದುಡ್ಡಿನ ಡಬ್ಬಕ್ಕೆ ಹಿಡಿ ಉಪ್ಪಿನ ಗತಿ!

ಬೈದು ಬೈದು ಕೊನೆಗೊಂದು ಕಡೆ ನಾನೇ ಬಾಯಿ ಮುಚ್ಚಬೇಕಾಯಿತು. ನಮ್ಮ ಕಡೆ ತ್ರೀ ಫೇಸ್ ಬಂದ ಕೂಡಲೇ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದು ಬಲ್ಬು ಕೆಂಪಾಗುತ್ತದೆ. ಇಂಥ ಡಬ್ಬಗಳು 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ. ಫ್ಯಾನು ತೆವಳಿದರೂ ಇವನ ಗೇಮು ಓಡುತ್ತಿತ್ತು. ಕರೆಂಟು ಹೋಗಿ ಇನ್ವರ್ಟರ್ ಕೈಗೆತ್ತಿಕೊಳ್ಳುವ ಸಂದು ಇದೆಯಲ್ಲ, ಅಲ್ಲಿ ಪೂರ್ಣ ಹೊರೆಯಿದ್ದರೆ ಒಳ್ಳೆಯ ಡಬ್ಬ ಹದಿನಾರು ಹದಿನೇಳು ಮಿಲಿಸೆಕೆಂಡ್ ಉಸಿರು ಹಿಡಿಯುತ್ತದೆ. ಕಾಲು ಭಾಗದ ಹೊರೆಗೆ ಅದರ ಸುಮಾರು ನಾಲ್ಕು ಪಟ್ಟು. ನನ್ನ ಹಳೆ ಕಂಪ್ಯೂಟರ್ ಪ್ರತಿ ಸಲ ಮಲಗಿ ಏಳುತ್ತದೆ, ಇವನದು ಕಣ್ಣು ಮಿಟುಕಿಸುವುದಿಲ್ಲ. ಇನ್ವರ್ಟರ್ ಮಾತ್ರ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವಿನ ಹಳೆಯದಾದರೆ ಇಂಥ ಡಬ್ಬ ಗುಂಯ್‌ಗುಟ್ಟುವುದೂ ಉಂಟು, ಮುನಿಸಿಕೊಂಡು ಆರುವುದೂ ಉಂಟು.

ನಾನು ಒಪ್ಪಿದ್ದೇ ತಪ್ಪಾಯಿತು. "ಮುಕ್ಕಾಲು ಪಾಲು ಸುಮ್ಮನ ಕುಂತೈತಿ ಮಾಮಾ, ವೇಸ್ಟ್ ಆಗಾಕತ್ತೈತಿ. 5090 ಕಾರ್ಡಿಗೆ ಕರೆಕ್ಟ್ ಸಾವಿರ ವಾಟ್ ಸಪ್ಲೈನ ಬೇಕಂತ" ಅಂದ. ಬೆಲೆ? ಎರಡು ಲಕ್ಷದ ಮೇಲೆ. ಅಕ್ಕ ಒಲೆ ಮುಂದಿನಿಂದಲೇ ಕೇಳಿದಳು: "ಎಷ್ಟು ಕ್ವಿಂಟಲ್ ಗ್ವಾಂಜಾಳ ಆತು?" ಬೆಂಬಲ ಬೆಲೆ 2400 ಹಿಡಿದರೂ ಎಂಬತ್ತಮೂರು ಅಂದೆ. ಅಳಿಯ ತಡಮಾಡದೆ ಅಂದ: "ಸೆಕೆಂಡ್ ಹ್ಯಾಂಡ್ ಆದ್ರ ಕಡಿಮಿ ಆಗತೈತಿ ಯವ್ವಾ."