ಕಾಯಂ ಚಾಕು, ಗುತ್ತಿಗೆ ಕಟರ್: ಒಂದು ಜಂಟಿ ಸಂದರ್ಶನ

ದಿನವೂ ಏನನ್ನಾದರೂ ಕತ್ತರಿಸುವ ಕೆಲಸವಿರುವವರ ಜೇಬಿನಲ್ಲಿ ಸಾಮಾನ್ಯವಾಗಿ ಎರಡು ಸಾಧನಗಳಿರುತ್ತವೆ: ಮಡಚುವ ಚಾಕು ಮತ್ತು ಕಟರ್. ಮಡಚುವ ಚಾಕುವಿನ ಅಲಗು ಹಿಡಿಯೊಳಕ್ಕೆ ಮಡಚಿಕೊಳ್ಳುತ್ತದೆ. ಅದನ್ನು ಮಸೆದು ಮಸೆದು ವರ್ಷಗಟ್ಟಲೆ ಬಳಸುತ್ತಾರೆ. ಕಟರಿನ ತೆಳು ಬ್ಲೇಡು ತಳ್ಳಿದಷ್ಟೇ ಹೊರಗೆ ಬರುತ್ತದೆ. ತುದಿ ಮೊಂಡಾದರೆ ಅದನ್ನು ಮುರಿದು ಎಸೆಯುತ್ತಾರೆ. ಜೇಬು ಒಂದೇ ಆದರೂ ಸೇವಾ ನಿಯಮ ಬೇರೆ ಬೇರೆ. ಚಾಕು ಕಾಯಂ ನೌಕರ, ಕಟರ್ ಹೊರಗುತ್ತಿಗೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಪಾರ್ಸೆಲ್ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನಡೆಸಿದ ಸಂದರ್ಶನದ ವರದಿ ಇದು. ಎರಡೂ ತಮ್ಮನ್ನು ‘ನಾನು’ ಎಂದು ಹೇಳಿಕೊಳ್ಳುವುದಿಲ್ಲ. ಕಾಯಂ ನೌಕರಿಯ ಗತ್ತಿನಲ್ಲಿ ಚಾಕು ‘ಸದರಿ ಚಾಕು’ ಎನ್ನುತ್ತದೆ. ಕಟರ್ ಮಾತು ಕಲಿತದ್ದು ತನ್ನದೇ ಪೊಟ್ಟಣದ ಹಿಂಬದಿಯ ಸೂಚನೆಗಳಿಂದ. ಅದರ ಬಾಯಲ್ಲಿ ಬರುವುದು ‘ಈ ಉಪಕರಣ’.

ಪ್ರಶ್ನೆ: ಹುಟ್ಟು, ಮನೆತನದ ವಿವರ?

ಚಾಕು: ಸದರಿ ಚಾಕು ಸ್ವಿಟ್ಜರ್‌ಲೆಂಡಿನ ದೊಡ್ಡ ಮನೆತನಕ್ಕೆ ಸೇರಿದ್ದು. ಕಾರ್ಲ್ ಎಲ್ಸೆನರ್ ಅವರು 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಚಾಕು ತಯಾರಿಸುವ ಕಾರ್ಯಾಗಾರ ತೆರೆದರು. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಒದಗಿಸಿದರು. 1897ರ ಜೂನ್ 12ರಂದು ಅಧಿಕಾರಿಗಳ ಚಾಕುವಿನ ವಿನ್ಯಾಸ ನೋಂದಣಿಯಾಯಿತು. ಬೆನ್ನಿನ ಒಂದೇ ಸ್ಪ್ರಿಂಗು ಎರಡೂ ಕಡೆಯ ಸಾಧನಗಳನ್ನು ಹಿಡಿದಿಡುವಂತೆ ಮಾಡಿದ್ದು ಅದರ ವಿಶೇಷ.

ಸೈನ್ಯಕ್ಕೆ ಬಂದ ಮೊದಲ ಕಂತಿನ ಚಾಕುಗಳು ತಯಾರಾಗಿದ್ದು ಜರ್ಮನಿಯ ಸೋಲಿಂಗೆನ್‌ನಲ್ಲಿ ಎಂದು ನೆನಪಿಸಿದಾಗ, ಆ ಕಡತ ಸದ್ಯಕ್ಕೆ ಸಿಗುತ್ತಿಲ್ಲ ಎಂದು ಚಾಕು ಉತ್ತರಿಸಿತು.

ಕಟರ್: ಈ ಉಪಕರಣಕ್ಕೆ ಮನೆತನವಿಲ್ಲ, ಜನ್ಮದಾತರೊಬ್ಬರಿದ್ದಾರೆ. ಜಪಾನಿನ ಓಸಾಕಾದಲ್ಲಿ ಮುದ್ರಣದ ಕೆಲಸದಲ್ಲಿದ್ದ ಯೋಶಿಯೊ ಒಕಾಡಾ 1956ರಲ್ಲಿ ಇದನ್ನು ರೂಪಿಸಿದರು. ಕಾಗದ ಕತ್ತರಿಸಲು ಬಳಸುತ್ತಿದ್ದ ಕ್ಷೌರದ ಬ್ಲೇಡು ಬೇಗ ಮೊಂಡಾಗುತ್ತಿತ್ತು. ಮೂಲೆಗಳು ಸವೆದರೆ ಇಡೀ ಬ್ಲೇಡು ಕಸಕ್ಕೆ. ಚಮ್ಮಾರರು ಗಾಜಿನ ಚೂರನ್ನು ಒಡೆದು ಒಡೆದು ಹೊಸ ಅಂಚು ಪಡೆಯುವುದನ್ನು ಅವರು ಬಲ್ಲವರಾಗಿದ್ದರು. ಯುದ್ಧಾನಂತರ ಅಮೆರಿಕದ ಸೈನಿಕರು ಹಂಚುತ್ತಿದ್ದ ಚಾಕೊಲೇಟ್ ಗೆರೆ ಗೆರೆಗೆ ಮುರಿಯುವುದನ್ನೂ ಕಂಡಿದ್ದರು. ಎರಡನ್ನೂ ಕೂಡಿಸಿದರು: ಬ್ಲೇಡಿನ ಮೇಲೆ ಓರೆ ಗೆರೆ ಕೊರೆದರು, ಮೊಂಡಾದ ತುಂಡು ಮುರಿದರೆ ಹಿಂದಿನ ತುಂಡು ಮುಂದೆ ಬರುವಂತೆ ಮಾಡಿದರು. ಓಲ್ಫಾ ಕಂಪನಿ ಬೆಳೆದದ್ದು ಇದರಿಂದಲೇ.

ಪ್ರಶ್ನೆ: ಮೈಕಟ್ಟು?

ಕಟರ್: ಎರಡು ಅಳತೆಗಳು ಹೆಚ್ಚು ಚಾಲ್ತಿಯಲ್ಲಿವೆ. ಕಾಗದ, ಟೇಪಿಗೆ 9 ಮಿ.ಮೀ. ಅಗಲದ ಬ್ಲೇಡು, ಪೆಟ್ಟಿಗೆ, ರೆಕ್ಸಿನ್, ಜಿಪ್ಸಮ್ ಹಲಗೆಗೆ 18 ಮಿ.ಮೀ. ದೊಡ್ಡದು ಅರ್ಧ ಮಿ.ಮೀ. ದಪ್ಪ, ಅದರಲ್ಲಿ ಸಾಮಾನ್ಯವಾಗಿ 8 ತುಂಡುಗಳು. ಅಂದರೆ ಒಂದು ಹುದ್ದೆಗೆ ಎಂಟು ಮಂದಿ ಸಾಲಿನಲ್ಲಿ ನಿಂತಿರುತ್ತಾರೆ. ಮುಂದಿನವನು ಸವೆದ ಕೂಡಲೇ ‘ಕಟಕ್’ ಎಂದು ತೆಗೆದು ಹಿಂದಿನವನನ್ನು ಮುಂದೆ ತಳ್ಳುತ್ತಾರೆ. ನೋಟಿಸು ಅವಧಿ ಇಲ್ಲ.

ಚಾಕು: ಸದರಿ ಚಾಕುವಿನ ಅಲಗು ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಉಕ್ಕಿನದು. ಸುಲಭವಾಗಿ ತುಕ್ಕು ಹಿಡಿಯದು, ಮೊಂಡಾದರೆ ಸಾಣೆಕಲ್ಲಿಗೆ ಬಗ್ಗುತ್ತದೆ. ಕಟರಿನದು ಬಹುಮಟ್ಟಿಗೆ ಇಂಗಾಲ ಹೆಚ್ಚಿರುವ ಗಡಸು ಉಕ್ಕು. ಹರಿತ ಜಾಸ್ತಿ, ಆದರೆ ನಿಂಬೆರಸ ತಾಗಿದರೆ ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಅಡ್ಡ ತಿರುಚಿದರೆ ಮುರಿಯುತ್ತದೆ.

ಕಟರ್: ಮುರಿಯುವುದು ಈ ಉಪಕರಣದ ದೋಷವಲ್ಲ, ನೇಮಕಾತಿಯ ಷರತ್ತು.

ಪ್ರಶ್ನೆ: ಒಂದು ಸಾಲದೇ? ಎರಡೆರಡು ಯಾಕೆ?

ಕಟರ್: ರಟ್ಟು ಮೃದುವಾಗಿ ಕಂಡರೂ ಅಲಗಿಗೆ ಶತ್ರು. ಹಳೆಯ ಕಾಗದವನ್ನೇ ಮತ್ತೆ ಅರೆದು ಮಾಡಿದ ರಟ್ಟಿನಲ್ಲಿ ಜೇಡಿ, ಸುಣ್ಣದ ಪುಡಿಯಂಥ ಖನಿಜಗಳೂ ದೂಳಿನ ಕಣಗಳೂ ಉಳಿದಿರುತ್ತವೆ. ಅಂಚು ಸವೆಯುವುದು ಅವುಗಳಿಂದ. ಟೇಪಿನ ಅಂಟು ಬೇರೆ ಮೆತ್ತಿಕೊಳ್ಳುತ್ತದೆ. ದಿನವಿಡೀ ಪೆಟ್ಟಿಗೆ ಕತ್ತರಿಸಿದ ಚಾಕುವನ್ನು ರಾತ್ರಿ ಮಸೆಯಲು ಕೂರಬೇಕು. ಈ ಉಪಕರಣಕ್ಕಾದರೆ ಒಂದು ತುಂಡು ಮುರಿದರಾಯಿತು.

ಚಾಕು: ಆದರೆ ಮಧ್ಯಾಹ್ನ ಬುತ್ತಿಯ ಜತೆ ಸೌತೆಕಾಯಿ ಹೆಚ್ಚಬೇಕು, ಮಾವಿನಹಣ್ಣು ಕೊಯ್ಯಬೇಕು. ಕಟರಿನ ಬ್ಲೇಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಮೇಲೆ ಟೇಪಿನ ಅಂಟು. ಅದರಲ್ಲಿ ಹಣ್ಣು ಕೊಯ್ದರೆ ಗೋಂದಿನ ರುಚಿ. ದಪ್ಪ ಹಗ್ಗ, ಬಿದಿರಿನ ಕಡ್ಡಿ, ಪೆನ್ಸಿಲ್ಲು ಇವಕ್ಕೆ ಬಾಗದ ಅಲಗು ಬೇಕು. ಉದ್ದ ಹೊರಚಾಚಿದ ತೆಳು ಬ್ಲೇಡು ಅಲ್ಲಿ ಬಳುಕುತ್ತದೆ, ಇಲ್ಲವೇ ಗೆರೆಯಲ್ಲಿ ಮುರಿದು ಸಿಡಿಯುತ್ತದೆ.

ಇಲ್ಲಿಗೆ ಎರಡೂ ಮೊದಲ ಬಾರಿಗೆ ಒಮ್ಮತಕ್ಕೆ ಬಂದವು: ಅಂಟು, ದೂಳು, ಸವೆತದ ಕೆಲಸ ಕಟರಿಗೆ, ಬಾಯಿಗೆ ಹೋಗುವ ಪದಾರ್ಥ ಮತ್ತು ಬಲ ಬೇಡುವ ಕೆಲಸ ಚಾಕುವಿಗೆ.

ಪ್ರಶ್ನೆ: ಕೆಲಸದ ಒಂದು ಮಾದರಿ?

ಕಟರ್: ಸೀರೆ ತುಂಬಿದ ಪೆಟ್ಟಿಗೆ ಎಂದಿಟ್ಟುಕೊಳ್ಳೋಣ. ಬ್ಲೇಡನ್ನು ಒಂದೇ ತುಂಡಿನಷ್ಟು ಹೊರಗೆ ತಳ್ಳಿ, ಹಿಡಿಯನ್ನು ತುಸು ಮಲಗಿಸಿ, ಎರಡು ರೆಕ್ಕೆಗಳು ಕೂಡುವ ಸೀಳಿನ ಮೇಲೆ ಹಗುರವಾಗಿ ಎಳೆಯಬೇಕು. ಟೇಪು ‘ಜರ್ರ್’ ಎಂದು ಬಿಟ್ಟುಕೊಳ್ಳುತ್ತದೆ, ಸೀರೆಗೆ ಸುದ್ದಿಯೂ ತಿಳಿಯುವುದಿಲ್ಲ. ಅವಸರದವರು ನಾಲ್ಕು ತುಂಡು ಹೊರಗೆಳೆದು ಚುಚ್ಚುತ್ತಾರೆ. ಆಗ ಜರಿಯಂಚೂ ಸೀಳುತ್ತದೆ, ಬೈಗುಳ ಕಟರಿಗೆ ಸಲ್ಲುತ್ತದೆ. ಜಿಪ್ಸಮ್ ಹಲಗೆಯನ್ನಂತೂ ಪೂರ್ತಿ ಕತ್ತರಿಸಬೇಕಿಲ್ಲ. ಮೇಲಿನ ಕಾಗದದ ಮೇಲೆ ಗೆರೆ ಹಾಕಿ, ಹಲಗೆಯನ್ನು ಹಿಂದಕ್ಕೆ ಮಡಚಿ ಮುರಿದು, ಹಿಂಬದಿಯ ಕಾಗದ ಕೊಯ್ದರೆ ಸಾಕು. ನಾಯಕರ ಜನ್ಮದಿನದ ಫ್ಲೆಕ್ಸಿನ ಅಂಚು ಸರಿಮಾಡುವುದು ಈ ಉಪಕರಣ. ಪಾಲಿಕೆಯವರು ಬಂದು ಅದನ್ನು ಇಳಿಸುವಾಗ ದಾರ ಕೊಯ್ಯುವುದೂ ಇದೇ. ಪಕ್ಷಭೇದವಿಲ್ಲ.

ಪ್ರಶ್ನೆ: ಚಾಕುವಿನ ದಿನಚರಿ?

ಚಾಕು: ಜೇಬಿನಲ್ಲಿರುವುದು. ಆಗಾಗ ಹೊರಗೆ ಬಂದು ಅತಿಥಿಗಳಿಗೆ ತೋರಿಸಿಕೊಳ್ಳುವುದು. ಕತ್ತರಿಯೂ ಇದೆಯೇ, ಬಿರಡೆ ತೆಗೆಯುವುದೂ ಇದೆಯೇ ಎಂದು ಕೇಳಿಸಿಕೊಳ್ಳುವುದು. ಹಣ್ಣಿನ ಕಾಲ ಬಂದರೆ ಕೆಲಸ.

ಪ್ರಶ್ನೆ: ಆರೈಕೆ?

ಚಾಕು: ಕಲ್ಲಿನ ಮೇಲೆ ಪ್ರತಿ ಪಕ್ಕಕ್ಕೆ ಸುಮಾರು 20 ಡಿಗ್ರಿ ಓರೆಯಲ್ಲಿ ಮಸೆಯಬೇಕು. ಹಣ್ಣು ಕೊಯ್ದ ಮೇಲೆ ತೊಳೆದು ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಬೇಕು. ಸದರಿ ಚಾಕು ಇದನ್ನು ವೈದ್ಯಕೀಯ ಭತ್ಯೆ ಎಂದು ಪರಿಗಣಿಸುತ್ತದೆ.

ಕಟರ್: ಈ ಉಪಕರಣಕ್ಕೆ ಭತ್ಯೆ ಇಲ್ಲ.

ಪ್ರಶ್ನೆ: ಬಳಸುವವರು ಮಾಡುವ ತಪ್ಪುಗಳು?

ಕಟರ್: ಸ್ಕ್ರೂ ಬಿಚ್ಚುವುದು, ಬಣ್ಣದ ಡಬ್ಬಿಯ ಮುಚ್ಚಳ ಮೀಟುವುದು, ಬೀಗ ಬಿಗಿಯದೆ ಒತ್ತುವುದು. ಬೀಗ ಸಡಿಲವಿದ್ದರೆ ಬ್ಲೇಡು ಒಳಕ್ಕೆ ಜಾರುತ್ತದೆ, ಕೈ ಮುಂದಕ್ಕೆ ಜಾರುತ್ತದೆ. ಮೊಂಡು ತುಂಡನ್ನು ‘ಇನ್ನೆರಡು ದಿನ ಬರಲಿ’ ಎಂದು ಉಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೊಂಡಾದಷ್ಟೂ ಬಲ ಹೆಚ್ಚು ಹಾಕಬೇಕು, ಹಾಕಿದ ಬಲ ಜಾರಿದಾಗ ಬೆರಳಿಗೇ ಹೋಗುತ್ತದೆ.

ಚಾಕು: ಬೀಗವಿಲ್ಲದ ಮಡಚು ಚಾಕುವಿನಲ್ಲಿ ಚುಚ್ಚುವುದು. ಅಲಗನ್ನು ತೆರೆದಿಡುವುದು ಸ್ಪ್ರಿಂಗು ಮಾತ್ರ. ತುದಿಗೆ ಒತ್ತಡ ಬಿದ್ದರೆ ಬೆರಳ ಮೇಲೆಯೇ ಮುಚ್ಚಿಕೊಳ್ಳಬಹುದು.

ಪ್ರಶ್ನೆ: ಕಾನೂನು ಏನೆನ್ನುತ್ತದೆ?

ಚಾಕು: ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳು ಹರಿತವಾದ ಆಯುಧಗಳ ಪಟ್ಟಿಗೆ ಸೇರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳವನ್ನು. ಮನೆಬಳಕೆ, ಕೃಷಿ, ಕೈಗಾರಿಕೆಗೆಂದೇ ಮಾಡಿದವು ಅದರಿಂದ ಹೊರಗೆ. ಬ್ರಿಟನ್ನಿನಲ್ಲಿ 3 ಇಂಚು ಮೀರದ, ಬೀಗವಿಲ್ಲದ ಮಡಚು ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದು.

ಕಟರ್: ಅಲ್ಲಿ ಈ ಉಪಕರಣ ಜೇಬಿನಲ್ಲಿದ್ದರೆ ತಕ್ಕ ಕಾರಣ ಕೊಡಬೇಕು. ದುಡಿಯುವವನಿಗೆ ವಿಚಾರಣೆ, ಕೂತವನಿಗೆ ವಿನಾಯಿತಿ. ವಿಮಾನದಲ್ಲಿ ಮಾತ್ರ ಸಮಾನತೆ ಬಂದಿದೆ. 2001ರ ಸೆಪ್ಟೆಂಬರ್ 11ಕ್ಕೆ ಮೊದಲು ಅಮೆರಿಕದ ವಿಮಾನಗಳಲ್ಲಿ 4 ಇಂಚಿಗಿಂತ ಚಿಕ್ಕ ಅಲಗಿನ ಚಾಕು ಒಯ್ಯಬಹುದಿತ್ತು. ಅಪಹರಣಕಾರರು ಚಾಕು, ಬಾಕ್ಸ್ ಕಟರುಗಳನ್ನು ಬಳಸಿದರೆಂದು ವರದಿಯಾದ ಮೇಲೆ ನಿಷೇಧ ಬಿಗಿಯಾಯಿತು. ಭಾರತದಲ್ಲೂ ಎರಡಕ್ಕೂ ಕೈಚೀಲದಲ್ಲಿ ಜಾಗವಿಲ್ಲ. ಚೆಕ್-ಇನ್ ಸಾಮಾನಿನಲ್ಲಿ ಒಟ್ಟಿಗೇ ಪ್ರಯಾಣ.

ಪ್ರಶ್ನೆ: ನಿವೃತ್ತಿಯ ನಂತರ?

ಚಾಕು: ಸದರಿ ಚಾಕು ಮಗನಿಗೆ, ಮೊಮ್ಮಗನಿಗೆ ದಾಟುತ್ತದೆ. ಅನುಕಂಪದ ನೇಮಕಾತಿ ತಲೆಕೆಳಗಾದಂತೆ: ಇಲ್ಲಿ ಯಜಮಾನ ಬದಲಾಗುತ್ತಾನೆ, ನೌಕರ ಉಳಿಯುತ್ತಾನೆ.

ಕಟರ್: ಮುರಿದ ತುಂಡು ಮೊಂಡಾಗಿದ್ದರೂ ಚರ್ಮ ಸೀಳುವಷ್ಟು ಹರಿತವಾಗಿರುತ್ತದೆ. ಕಸದ ಚೀಲಕ್ಕೆ ಬಿಟ್ಟರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ, ಒಬ್ಬ ಗುತ್ತಿಗೆಯವನಿಂದ ಇನ್ನೊಬ್ಬ ಗುತ್ತಿಗೆಯವನಿಗೆ ಗಾಯ. ಆದ್ದರಿಂದ ಕಟರಿನ ಹಿಂಬದಿಯ ಮುಚ್ಚಳದ ಸೀಳಿನಲ್ಲಿ ಅಥವಾ ಇಕ್ಕಳದಲ್ಲಿ ಹಿಡಿದು, ಮುಖದಿಂದ ದೂರ ಮುರಿಯಬೇಕು. ತುಂಡನ್ನು ತಗಡಿನ ಡಬ್ಬಿಗೆ ಹಾಕಬೇಕು. ಡಬ್ಬಿ ತುಂಬಿದಾಗ ಬಾಯಿಗೆ ಟೇಪು ಸುತ್ತಿ, ಮೇಲೆ ‘ಬ್ಲೇಡು’ ಎಂದು ಬರೆದು, ಹಸಿ ಕಸಕ್ಕೂ ಒಣ ಕಸಕ್ಕೂ ಬೆರೆಸದೆ ಹೇಳಿಯೇ ಕೊಡಬೇಕು. ಆ ಟೇಪನ್ನು ಕತ್ತರಿಸಿಕೊಡುವುದು ಹೊಸದಾಗಿ ಮುಂದೆ ಬಂದ ತುಂಡಿನ ಕೆಲಸ.