ಕರಿಬೇವಿಗೊಂದು ಕೌದಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಿಗೆ ಚಳಿಗಾಲ ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬರುತ್ತದೆ. ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಬಾಯ್ಲರಿಗೆ ಬೆಂಕಿ ಬೀಳಬೇಕು. ಎರಡೆರಡು ಟ್ರೇಲರ್ ಎಳೆಯುತ್ತ, ತಮಗೆ ಬೇಕಾದ ಹಾಡನ್ನು ಊರಿಗೆಲ್ಲ ಕೇಳಿಸುತ್ತ ಟ್ರ್ಯಾಕ್ಟರುಗಳು ರಸ್ತೆಗಿಳಿಯಬೇಕು. ಮರುದಿನ ಬೆಳಿಗ್ಗೆಯೇ ಚಹಾದಂಗಡಿಯ ಮುಂದೆ ಕಿವಿಟೊಪ್ಪಿಗೆಗಳು ಸಾಲಾಗಿ ಕುಳಿತಿರುತ್ತವೆ. ಒಳಗಿರುವ ಮುಖ ಯಾರದೆಂದು ಧ್ವನಿಯಿಂದಲೇ ಗುರುತಿಸಬೇಕು.

ಐದೂ ತಾಲೂಕಿನ ಥಂಡಿ ಒಂದೇ ತರದ್ದಲ್ಲ. ನಿಪ್ಪಾಣಿಯದು ಗಾಳಿ ಥಂಡಿ. ಹೆದ್ದಾರಿಯ ಬಸ್ಸಿನಿಂದ ಇಳಿದವನನ್ನು ಸ್ಟ್ಯಾಂಡಿನಲ್ಲೇ ಹಿಡಿದು ಅಲ್ಲಾಡಿಸುತ್ತದೆ. ಕೃಷ್ಣೆಯ ದಂಡೆಗಿರುವ ರಾಯಬಾಗ, ಕಾಗವಾಡದ ಊರುಗಳದು ಹಸಿ ಥಂಡಿ. ಕುಡಚಿಯ ಹೊಳೆಯ ಮೇಲೆ, ಉಗಾರದ ಕಬ್ಬಿನ ಮೇಲೆ ಬಿಸಿಲು ಏರುವ ತನಕ ಮಂಜು ಮಲಗಿರುತ್ತದೆ. ಅಥಣಿಯದು ಒಣ ಥಂಡಿ. ಕರಿನೆಲದ ಬಯಲಿನಲ್ಲಿ ತಡೆಯುವವರಿಲ್ಲದೆ ಬಂದು ತುಟಿ, ಹಿಮ್ಮಡಿ ಎರಡನ್ನೂ ಒಟ್ಟಿಗೇ ಒಡೆಯುತ್ತದೆ. ಚಿಕ್ಕೋಡಿಯವರಾದ ನಮಗೆ ಸ್ವಂತದ್ದೆನ್ನುವ ಥಂಡಿ ಇಲ್ಲ, ಉಳಿದವರದನ್ನೇ ಸರದಿಯ ಮೇಲೆ ಅನುಭವಿಸುತ್ತೇವೆ. ಜಿಲ್ಲೆ ಮಾಡಿರೆಂದು ಬಹಳ ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಅದಾದ ಮೇಲೆ ಜಿಲ್ಲಾಮಟ್ಟದ ಥಂಡಿಯೊಂದು ಮಂಜೂರಾದರೂ ಆಗಬಹುದು.

ಡಿಗ್ರಿ ಲೆಕ್ಕದಲ್ಲಿ ನೋಡಿದರೆ ಇದೇನು ದೊಡ್ಡ ಥಂಡಿಯಲ್ಲ. ಹಿಮ ಬೀಳುವುದಿಲ್ಲ, ಹಂಡೆಯ ನೀರು ಗಟ್ಟಿಯಾಗುವುದಿಲ್ಲ. ಸಿಮ್ಲಾದವನೊಬ್ಬ ನಮ್ಮ ಜನವರಿಯಲ್ಲಿ ಬರೀ ಬನಿಯನ್ನಿನಲ್ಲಿ ಅಡ್ಡಾಡಿಯಾನು. ಆದರೆ ಸಿಮ್ಲಾದವನ ಹಿತ್ತಲಲ್ಲಿ ಎಲೆಬಳ್ಳಿ ಇರುವುದಿಲ್ಲ, ನಮ್ಮ ಹಿತ್ತಲಲ್ಲಿ ಇದೆ. ಉಷ್ಣ ಸೀಮೆಯ ಗಿಡಗಳಿಗೆ ತೊಂದರೆಯಾಗಲು ಹಿಮವೇ ಬೀಳಬೇಕೆಂದಿಲ್ಲ. ರಾತ್ರಿಯ ಉಷ್ಣತೆ 10–12 ಡಿಗ್ರಿಗೆ ಇಳಿದರೆ ಸಾಕು, ಎಲೆಯ ಜೀವಕೋಶದ ಪೊರೆ ಬಿಗಿಯುತ್ತದೆ, ತಣ್ಣಗಾದ ಮಣ್ಣಿನಿಂದ ನೀರೆತ್ತಲು ಬೇರು ಒಲ್ಲೆ ಎನ್ನುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಮೇಲೆ ಎಲೆ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಕೊಡ ಸುರಿಯುತ್ತೇವೆ. ಗಿಡ ಸತ್ತ ಮೇಲೆ ಆ ಅಪವಾದ ಥಂಡಿಯ ತಲೆಗೆ ಹೋಗುತ್ತದೆ.

ನಮ್ಮ ಮನೆಯಲ್ಲಿ ಥಂಡಿಗೆ ಅಂಜುವವರ ಪಟ್ಟಿಯೊಂದಿದೆ. ಮೊದಲ ಹೆಸರು ಕರಿಬೇವಿನದು. ಮಳೆಗಾಲದಲ್ಲಿ ಬೀದಿಯವರಿಗೆಲ್ಲ ಒಗ್ಗರಣೆ ಒದಗಿಸಿದ ಗಿಡ ಡಿಸೆಂಬರಿನಲ್ಲಿ ಎಲೆ ಹಳದಿ ಮಾಡಿಕೊಂಡು, ಹೊಸ ಚಿಗುರಿನ ಮಾತನ್ನೇ ಎತ್ತದೆ ಮುನಿಸಿಕೊಂಡು ನಿಲ್ಲುತ್ತದೆ. ಎರಡನೆಯದು ಎಲೆಬಳ್ಳಿ. ಅದರ ಎಲೆ ಸಣ್ಣದಾಗಿ, ಊಟವಾದ ಮೇಲೆ ಎರಡು ಮಡಚಿದರೂ ಬಾಯಿ ತುಂಬದ ಹಾಗಾಗುತ್ತದೆ. ಮೂರನೆಯದು ಬಾಳೆ. ಥಂಡಿ ಹೆಚ್ಚಾದಾಗ ಬಾಳೆಯ ಗೊನೆ ಪೂರ್ತಿ ಹೊರಬರಲಾರದೆ ಗಂಟಲಲ್ಲೇ ಸಿಕ್ಕಿಕೊಳ್ಳುವುದುಂಟು. ಮಾತು ಬಾಯಿಗೆ ಬಂದೂ ಆಡಲಾಗದ ಗಂಡಸರ ಅವಸ್ಥೆ ನನಗೆ ಚೆನ್ನಾಗಿ ಗೊತ್ತಿರುವುದರಿಂದ ಬಾಳೆಯ ಮೇಲೆ ನನಗೆ ವಿಶೇಷ ಮಮತೆ. ದುಂಡುಮಲ್ಲಿಗೆ ಹೂ ಬಿಡುವುದನ್ನು ನಿಲ್ಲಿಸಿ ಬೇಸಿಗೆಯ ತನಕ ರಜೆ ಹಾಕುತ್ತದೆ. ಇನ್ನು ತುಳಸಿ. ಕಾರ್ತಿಕದಲ್ಲಿ ಕಬ್ಬಿನ ಜಲ್ಲೆಯ ಮಂಟಪದಲ್ಲಿ ಮದುವೆಯಾದವಳು ಪುಷ್ಯಮಾಸದ ಹೊತ್ತಿಗೆ ಎಲೆ ಉದುರಿಸಿಕೊಂಡು ಕಡ್ಡಿಯಾಗುತ್ತಾಳೆ. ತೆನೆಯನ್ನೆಲ್ಲ ಚಿವುಟಿ ತೆಗೆದರೆ ಬೀಜಕ್ಕೆ ಹೋಗುವ ಶಕ್ತಿ ಎಲೆಗೆ ಉಳಿಯುತ್ತದೆ. ಚಿವುಟುತ್ತ ಕುಳಿತ ನನ್ನ ಹೆಂಡತಿ ಹೇಳುವುದು ಬೇರೆ: “ಮದುವಿ ಆದಮ್ಯಾಲ ಹೆಣ್ಮಕ್ಕಳ ಹಣೇಬಾರನ ಇಷ್ಟು.” ಇಂಥ ಮಾತಿಗೆ ಉತ್ತರ ಕೊಡುವ ಗಂಡಸು ಐದು ತಾಲೂಕಿನಲ್ಲೂ ಇಲ್ಲ.

ಗಿಡಗಳ ರಕ್ಷಣಾ ಖಾತೆ ಅವಳದೇ. ಸಂಜೆ ದೀಪ ಹಚ್ಚಿದ ಕೂಡಲೇ ಕುಂಡಗಳ ವಲಸೆ ಶುರುವಾಗುತ್ತದೆ. ಕ್ರೋಟನ್ನು, ಮನಿ ಪ್ಲಾಂಟು ಪಡಸಾಲೆಗೆ ಬರುತ್ತವೆ, ಪಡಸಾಲೆಯಲ್ಲಿದ್ದ ನನ್ನ ಕುರ್ಚಿ ಹೊರಗೆ ಹೋಗುತ್ತದೆ. ನೆಲದಲ್ಲಿ ಬೇರೂರಿದ ಕರಿಬೇವನ್ನು ಎತ್ತಿ ತರಲಾಗದು, ಆದ್ದರಿಂದ ಅದಕ್ಕೆ ಕೌದಿ. ಕೌದಿಯೆಂದರೆ ಅಂಗಡಿಯದಲ್ಲ. ನಮ್ಮ ಅಜ್ಜಿ ತನ್ನ ಹಳೇ ಇಳಕಲ್ ಸೀರೆ, ಅಜ್ಜನ ಧೋತರ, ಯಾರದೋ ಮುಂಜಿಯ ರೇಷ್ಮೆ ಚೂರು ಎಲ್ಲ ಕೂಡಿಸಿ, ಬೆರಳಗಲಕ್ಕೊಂದು ಹೊಲಿಗೆ ಹಾಕಿ, ನಾಲ್ಕು ಮೂಲೆಗೆ ತ್ರಿಕೋನದ ತುಂಡು ಹಚ್ಚಿ ಮುಗಿಸಿದ್ದು. ಅದರೊಳಗೆ ಹೊಕ್ಕರೆ ಪುಷ್ಯಮಾಸವೂ ವೈಶಾಖವೇ. ಈಗ ಅದರೊಳಗೆ ಕರಿಬೇವು ಮಲಗುತ್ತದೆ.

“ನನಗ?” ಎಂದು ಕೇಳಿದೆ.

“ನಿಮಗ ಸನ್ಮಾನದ ಶಾಲು ಅದಾವಲ್ರೀ, ಕಪಾಟ ತುಂಬ.”

ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಹೊದಿಸುವ ಶಾಲು ಫೋಟೋ ತೆಗೆಯುವಷ್ಟು ಹೊತ್ತು ಭುಜದ ಮೇಲೆ ನಿಲ್ಲಲೆಂದೇ ನೇಯ್ದದ್ದು. ಅಂಚಿನಲ್ಲಿ ಜರಿ ಬಹಳ, ನಡುವೆ ನೂಲು ಕಡಿಮೆ. ಒಮ್ಮೆ ಎಲೆಬಳ್ಳಿಗೂ ಅದನ್ನೇ ಹೊದಿಸಿ ನೋಡಿದಳು. ಒಂದೇ ರಾತ್ರಿಗೆ ಬಳ್ಳಿ ಜೋತುಬಿತ್ತು. ಮರುದಿನದಿಂದ ಶಾಲು ನನಗೇ ಮರಳಿತು.

ಪಕ್ಕದ ಮನೆಯ ನಿವೃತ್ತ ಮಾಸ್ತರರದು ಬೇರೆ ಪದ್ಧತಿ. ಗಿಡದ ತಲೆಯ ಮೇಲಿಂದ ಯೂರಿಯಾ ಚೀಲ ಇಳಿಸಿ ಕುತ್ತಿಗೆಗೆ ಸುತಳಿಯಿಂದ ಬಿಗಿಯಾಗಿ ಕಟ್ಟಿಬಿಡುತ್ತಾರೆ. ಸಂಜೆ ಹೊತ್ತಿನಲ್ಲಿ ಅವರ ಹಿತ್ತಲು ನೋಡಿದವರಿಗೆ ಯಾವುದೋ ಅಪಹರಣದ ಸಂಶಯ ಬರಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಸೋದರಳಿಯ ರಜೆಗೆ ಬಂದವನು ಇದನ್ನು ನೋಡಿ ಗೋಡೆಯ ಈಚೆಯಿಂದಲೇ ಪಾಠ ಹೇಳಿದ. ಹೊದಿಕೆ ಶಾಖ ಹುಟ್ಟಿಸುವುದಿಲ್ಲ. ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿ ಆ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಮೋಡವಿದ್ದರೆ ಅದು ತಡೆದೀತು, ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಎಲ್ಲವೂ ಆಕಾಶದ ಪಾಲು. ಅದನ್ನು ದಾರಿಯಲ್ಲೇ ಹಿಡಿದು ಗಿಡದ ಸುತ್ತ ನಿಲ್ಲಿಸುವುದಷ್ಟೇ ಹೊದಿಕೆಯ ಕೆಲಸ. ಹಾಗಾಗಿ ಅದು ನೆಲದ ತನಕ ಇಳಿಬಿದ್ದಿರಬೇಕು. ಕುತ್ತಿಗೆಗೆ ಕಟ್ಟಿದರೆ ಶಾಖ ಒಳಗೆ ಬರುವ ಬಾಗಿಲನ್ನೇ ಮುಚ್ಚಿದಂತೆ. ಪ್ಲಾಸ್ಟಿಕ್ಕು ಎಲೆಗೆ ತಾಗಿದಲ್ಲೆಲ್ಲ ತಣ್ಣನೆಯ ಹನಿ ಕೂತು ಆ ಜಾಗವೇ ಮೊದಲು ಕಪ್ಪಾಗುತ್ತದೆ. ಮಾಸ್ತರರು ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಛಲೋ ಹೇಳಿದಿ, ಹತ್ತಕ್ಕ ಎಂಟು ಮಾರ್ಕು” ಎಂದು ಹೇಳಿ ಸುತಳಿಗೆ ಇನ್ನೊಂದು ಗಂಟು ಹಾಕಿದರು.

ಹಿತ್ತಲಿನದು ಹವ್ಯಾಸ, ತೋಟದವರಿಗೆ ಇದೇ ಹೊಟ್ಟೆಪಾಡು. ನನ್ನ ಮಾವನವರದು ಅಥಣಿ ತಾಲೂಕಿನ ತೆಲಸಂಗದ ಕಡೆ ದ್ರಾಕ್ಷಿ ತೋಟ. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ, ಅಂದರೆ ಕಡ್ಡಿ ಸವರಿದ ಬಳ್ಳಿಗೆ ಹೊಸ ವರ್ಷದ ಹೊತ್ತಿಗೆ ಕಾಯಿ ತುಂಬುತ್ತಿರುತ್ತದೆ. ಥಾಂಪ್ಸನ್ ಸೀಡ್‌ಲೆಸ್ ಜಾತಿಯ ದ್ರಾಕ್ಷಿಗೆ ಹಗಲು ಬಿಸಿಲು, ರಾತ್ರಿ ಕೊರೆಯುವ ಥಂಡಿ ಬಿದ್ದರೆ ಹಸಿರಾಗಿರಬೇಕಾದ ಕಾಯಿ ನಸುಗೆಂಪಾಗುತ್ತದೆ. ನಾವು ನಾಚಿಕೆಯೆಂದುಕೊಂಡು ಮೆಚ್ಚಬಹುದು, ವ್ಯಾಪಾರಿ ಮೆಚ್ಚುವುದಿಲ್ಲ, ದರ ಇಳಿಸುತ್ತಾನೆ. ಅದಕ್ಕೇ ಒಂದೊಂದು ಗೊನೆಗೂ ಕಾಗದದ ಅಂಗಿ ತೊಡಿಸುತ್ತಾರೆ. ಹಳೇ ಪತ್ರಿಕೆಯ ಅರ್ಧ ಹಾಳೆ ತೆಗೆದುಕೊಂಡು, ಗೊನೆಯ ಸುತ್ತ ಒಮ್ಮೆ ಬಳಸಿ, ಮೇಲೆ ತೊಟ್ಟಿನ ಹತ್ತಿರ ಮಡಚಿ ಟಕ್ಕೆಂದು ಪಿನ್ನು ಹೊಡೆಯುವ ಹೆಂಗಸರ ಕೈ ನೋಡಬೇಕು, ಗೊನೆಗೆ ಗೊತ್ತಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಥಂಡಿ ಬಹಳವೆನಿಸಿದ ರಾತ್ರಿ ಬದುವಿನ ಮೇಲೆ ಹಸಿ ಕಸಕ್ಕೆ ಬೆಂಕಿ ಹಚ್ಚಿ ಹೊಗೆ ಮಾಡುವುದು, ಬೆಳಗಿನ ಜಾವ ಡ್ರಿಪ್ ಬಿಟ್ಟು ನೆಲ ತೋಯಿಸುವುದು ಬೇರೆ.

ಗಡಿನಾಡಿನ ತೋಟವಾದ್ದರಿಂದ ಅಲ್ಲಿ ಒಂದು ಗೊನೆಗೆ ‘ಸಂಯುಕ್ತ ಕರ್ನಾಟಕ’, ಪಕ್ಕದ್ದಕ್ಕೆ ಮರಾಠಿ ‘ಪುಢಾರಿ’. ಗಡಿ ವಿವಾದದ 1967ರ ಮಹಾಜನ ವರದಿಯ ಬಗ್ಗೆ ಒಂದು ಬಳ್ಳಿಯಲ್ಲೇ ಎರಡೂ ಪಕ್ಷದ ವಾದ ತೂಗಾಡುತ್ತಿರುತ್ತದೆ. ಆದರೂ ಎರಡೂ ಗೊನೆ ಒಟ್ಟಿಗೇ ಹಣ್ಣಾಗಿ, ಒಂದೇ ಪೆಟ್ಟಿಗೆಯಲ್ಲಿ ಕೂತು ಒಂದೇ ಮಾರುಕಟ್ಟೆಗೆ ಹೋಗುತ್ತವೆ.

ಗಡಿಯ ಮಾತು ಬಂದ ಮೇಲೆ ಬೆಳಗಾವಿಯನ್ನು ಬಿಡಲಾದೀತೆ? 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಡಿಸೆಂಬರಿನ ಸುಮಾರಿಗೆ ಅಲ್ಲಿ ಚಳಿಗಾಲದ ಅಧಿವೇಶನ ನಡೆಯುವುದು ರೂಢಿ. ಬೆಂಗಳೂರಿನಲ್ಲಿ ನೆರಳು, ನೀರು, ಗೊಬ್ಬರ ಎಲ್ಲ ಹೊತ್ತಿಗೆ ಸರಿಯಾಗಿ ಸಿಕ್ಕು ಬೆಳೆದ ಕೋಮಲ ತಳಿಗಳನ್ನು ಬುಡದ ಮಣ್ಣು ಸಮೇತ ಎತ್ತಿ ತಂದು, ಬೆಚ್ಚಗೆ ಇಟ್ಟು, ಒಂದು ಎಲೆಯೂ ಬಾಡದಂತೆ ವಾಪಸು ಮುಟ್ಟಿಸುತ್ತಾರೆ. ಗಿಡ ಕಾಯುವ ವಿದ್ಯೆ ಕಲಿಯುವವರು ಯೂಟ್ಯೂಬ್ ನೋಡುವ ಬದಲು ಆ ವ್ಯವಸ್ಥೆ ನೋಡಬೇಕು.

ದೊಡ್ಡವರು ಗಿಡ ಕಾಯುವುದಕ್ಕೆ ಗಾಜಿನ ಮನೆಯನ್ನೇ ಕಟ್ಟಿದ್ದಾರೆ. ಲಂಡನ್ನಿನ ಕ್ಯೂ ಉದ್ಯಾನದ ತಾಳೆಮನೆ 1848ರದು. ಉಷ್ಣ ದೇಶದ ಬಾಳೆ, ತಾಳೆಗಳಿಗೆ ಅಲ್ಲಿ ಒಲೆ ಉರಿಸಿ ಬೇಸಿಗೆ ಒದಗಿಸಿದರು. ಬೆಂಗಳೂರಿನ ಲಾಲ್‌ಬಾಗಿನಲ್ಲೂ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು, ಆದರೆ ಅದು ಹೆಸರಾದದ್ದು ಫಲಪುಷ್ಪ ಪ್ರದರ್ಶನಕ್ಕೆ. ಶಿಕಾಗೋದಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲಿ ಕರಿಬೇವಿನ ಕುಂಡ ಅಕ್ಟೋಬರಿಗೇ ಒಳಗೆ ಬಂದು, ಕಿಟಕಿಯಿರುವ ಕೋಣೆ ಹಿಡಿದು, ತಲೆಯ ಮೇಲೆ ದೀಪ ಹಚ್ಚಿಸಿಕೊಂಡು ಮೇ ತಿಂಗಳ ತನಕ ಕೂರುತ್ತದೆ. ಇಲ್ಲಿಂದ ಬಾಣಂತನಕ್ಕೆಂದು ಹೋದ ಅತ್ತೆ ಪಡಸಾಲೆಯ ಸೋಫಾದ ಮೇಲೆ ಮಲಗಿ ಬಂದರು. “ಗಿಡ ಆಗಿ ಹುಟ್ಟಬೇಕವ್ವಾ, ಅಮೆರಿಕಾದಾಗ” ಎಂದು ಈಗಲೂ ಹೇಳುತ್ತಾರೆ.

ಇಷ್ಟೆಲ್ಲ ನಡೆಯುವಾಗ ಥಂಡಿಯನ್ನು ಕರೆದು ಮಣೆ ಹಾಕುವವರೂ ನಮ್ಮಲ್ಲೇ ಇದ್ದಾರೆ. ಅಥಣಿ ಬಯಲಿನ ಬಿಳಿಜೋಳ, ಕಡಲೆ, ಗೋಧಿ ಇವಕ್ಕೆ ಥಂಡಿ ಬಿದ್ದಷ್ಟೂ ಹುರುಪು. ನಿಪ್ಪಾಣಿಯ ತಂಬಾಕಿನವರಿಗೆ ಇಬ್ಬನಿಯೇ ಆಳು. ಹೊಲದಲ್ಲಿ ಒಣಗಿದ ಎಲೆಯನ್ನು ಬಿಸಿಲಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ, ಬೆಳಗಿನ ತೇವದಲ್ಲಿ ಮೆತ್ತಗಾದಾಗಲೇ ಎತ್ತಬೇಕು. ಸೇವಂತಿಗೆ, ಚೆಂಡುಹೂವಿಗೆ ಇದೇ ಹಬ್ಬದ ಕಾಲ. ಗಿಡಕ್ಕೆ ಬಟ್ಟೆ ಹೊದಿಸುವುದೂ ನಮ್ಮವರಿಗೆ ಹೊಸದೇನಲ್ಲ. ಕಡಲೆ ಹೊಲದಲ್ಲಿ ರಾತ್ರಿ ತೆಳುವಾದ ಬಿಳಿ ಬಟ್ಟೆ ಹಾಸಿ, ಇಬ್ಬನಿಯ ಜೊತೆ ಎಲೆಯ ಹುಳಿ ಇಳಿದ ಮೇಲೆ ಬೆಳಿಗ್ಗೆ ಹಿಂಡಿ ಬಾಟಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಕಡಲೆ ಹುಳಿಯೆಂದರೆ ಹಳ್ಳಿಯ ಮೊದಲ ಔಷಧ. ನಮ್ಮಜ್ಜಿಯ ಕಾಲದಲ್ಲಿ ಗಿಡಕ್ಕೆ ಬಟ್ಟೆ ಹಾಕುತ್ತಿದ್ದುದು ನಮ್ಮ ಹೊಟ್ಟೆಯ ಸಲುವಾಗಿ. ಈಗ ಗಿಡದ ಸಲುವಾಗಿ ಹಾಕುತ್ತೇವೆ, ನಡುಗುವುದು ನಾವು. ಇದಕ್ಕೆ ಪ್ರಗತಿ ಎನ್ನುತ್ತಾರೆ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಮುಗಿಸಿ ಜೋಳದ ನಡುವೆ ಕೂತು ನಾನು ಇದನ್ನೇ ಹೆಂಡತಿಗೆ ಹೇಳಿದೆ: “ನೋಡು, ಈ ಜೋಳಕ್ಕ ಯಾರರ ಕೌದಿ ಹೊಚ್ಯಾರೇನು?” ಅವಳು ರೊಟ್ಟಿಯ ಗಂಟು ಕಟ್ಟುತ್ತ, “ಜ್ವಾಳ ಈ ನೆಲದ್ದು, ತನ್ನ ಥಂಡಿ ತಾ ತಡಕೋತೈತಿ. ನಾವು ತಂದು ಹಚ್ಚಿದ್ದನ್ನ ನಾವ ನೋಡ್ಕೋಬೇಕು” ಎಂದಳು. ಕೃಷಿ ವಿಶ್ವವಿದ್ಯಾಲಯದವನು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಆದ್ದರಿಂದ ಈ ಸೀಮೆಯಲ್ಲಿ ಹಿತ್ತಲು ಮಾಡಿದವರಿಗೆ ನನ್ನ ನಾಲ್ಕು ಮಾತು. ಥಂಡಿಗೆ ಅಂಜುವ ಗಿಡವನ್ನು ಬಯಲಿಗೆ ಬಿಡದೆ ಬಿಸಿಲು ಬೀಳುವ ಗೋಡೆಯ ಮಗ್ಗುಲಿಗೆ ಹಚ್ಚಿರಿ, ಹಗಲು ಕಾಯ್ದ ಕಲ್ಲುಗೋಡೆ ರಾತ್ರಿ ಅದಕ್ಕೆ ಬೆನ್ನು ಕೊಡುತ್ತದೆ. ನೀರು ಬೆಳಿಗ್ಗೆ ಹಾಕಿರಿ, ಸಂಜೆ ಬೇಡ, ಎಲೆಯ ಮೇಲಂತೂ ಬೇಡವೇ ಬೇಡ. ಕಬ್ಬಿನ ರವದಿಯನ್ನು ಹೊಲದಲ್ಲಿ ಸುಟ್ಟು ಊರಿಗೆಲ್ಲ ಹೊಗೆ ಹಾಕುವ ಬದಲು ಒಂದು ಹೊರೆ ತಂದು ಬುಡಕ್ಕೆ ಹಾಸಿರಿ, ಬೇರು ಬೆಚ್ಚಗಿರುತ್ತದೆ. ಥಂಡಿಯಲ್ಲಿ ಯೂರಿಯಾ ಹಾಕಿ ಎಳೆ ಚಿಗುರು ಬರಿಸುವುದು, ಕತ್ತರಿ ಆಡಿಸುವುದು ಎರಡೂ ಬೇಡ, ಶಿವರಾತ್ರಿ ದಾಟಲಿ. ಹೊದಿಕೆಯನ್ನು ಸಂಜೆ ಹಾಕಿ, ಬಿಸಿಲೇರಿದ ಮೇಲೆ ತಪ್ಪದೆ ತೆಗೆಯಿರಿ. ಹೊದಿಸಲು ಹಳೇ ಹತ್ತಿ ಸೀರೆಗಿಂತ ಒಳ್ಳೆಯದಿಲ್ಲ, ದಾಳಿಂಬೆ ತೋಟದವರು ಅದನ್ನೇ ಕೊಂಡು ತಂದು ಸಾಲುಸಾಲಾಗಿ ಹೊದಿಸುತ್ತಾರೆ. ಆದರೆ ಮನೆಯ ಟ್ರಂಕಿನಲ್ಲಿ ಯಾವ ಸೀರೆ ಹಳೇದು ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಲು ಹೋಗಬೇಡಿ. ಕೀಲಿಕೈ ಯಾರ ಸೆರಗಿನಲ್ಲಿದೆಯೋ ಅವರನ್ನು ಕೇಳಿಯೇ ತೆಗೆಯಿರಿ.