ಸೊನ್ನೆಯ ಜನವರಿ, ಮೇಷ್ಟ್ರ ಜೂನ್

ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಜನವರಿಗೆ ಸೊನ್ನೆ, ಡಿಸೆಂಬರಿಗೆ ಹನ್ನೊಂದು. ಕಂಪ್ಯೂಟರಿನವರು ಎಲ್ಲವನ್ನೂ ಸೊನ್ನೆಯಿಂದಲೇ ಎಣಿಸುತ್ತಾರೆ, ಇರಲಿ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ; ತಾರೀಖು ಮಾತ್ರ ಒಂದರಿಂದಲೇ ಶುರು. ವಾರ ಮತ್ತೆ ಸೊನ್ನೆಯಿಂದ, ಭಾನುವಾರವೇ ಸೊನ್ನೆ. ಕನ್ನಡ ರಾಜ್ಯೋತ್ಸವ ಬೇಕಿದ್ದರೆ ತಿಂಗಳು 10, ತಾರೀಖು 1 ಎಂದು ಬರೆಯಬೇಕು. ತಿಂಗಳು 11 ಎಂದು ಬರೆದ ಹೊಸ ಹುಡುಗರ ಬಾವುಟ ಡಿಸೆಂಬರಿನಲ್ಲಿ ಹಾರುತ್ತದೆ. ಬೆಂಗಳೂರಿನಲ್ಲಿ ರಾಜ್ಯೋತ್ಸವ ಹೇಗೂ ಡಿಸೆಂಬರಿನವರೆಗೆ ಎಳೆಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇದು ಆ ಭಾಷೆಯ ಸ್ವಂತ ಕಿತಾಪತಿ ಅಲ್ಲ, ಪಿತ್ರಾರ್ಜಿತ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಕಟ್ಟಿದರು. ನೋಡಲು ಜಾವಾ ಎಂಬ ಇನ್ನೊಂದು ಭಾಷೆಯ ಹಾಗಿರಬೇಕು ಎಂದು ಮೇಲಿನವರ ಅಪ್ಪಣೆ. ದಿನಾಂಕದ ಭಾಗ ಜಾವಾದಿಂದ ಹಾಗೆಯೇ ಇಳಿದು ಬಂತು. ಜಾವಾಕ್ಕೆ ಈ ಸೊನ್ನೆಯ ಜನವರಿ ಬಂದದ್ದು ಅದಕ್ಕಿಂತ ಹಿರಿಯ ಸಿ ಭಾಷೆಯಿಂದ. ಇಸವಿಯಲ್ಲಿ 1900 ಕಳೆದು ಉಳಿದಷ್ಟನ್ನೇ ಇಡುವ ಅಭ್ಯಾಸವೂ ಅಲ್ಲಿಯದೇ. ಹೀಗಾಗಿ 1999ಕ್ಕೆ 99 ಎನ್ನುತ್ತಿದ್ದ ಕಂಪ್ಯೂಟರ್ ಮಾರನೆಯ ವರ್ಷ ನ್ಯಾಯವಾಗಿ 100 ಎಂದಿತು. ಮುಂದೆ 19 ಅಂಟಿಸಿ ನಿಶ್ಚಿಂತೆಯಾಗಿದ್ದವರ ವೆಬ್ ಪುಟಗಳಲ್ಲಿ 19100ನೇ ಇಸವಿ ಉದಯಿಸಿತು. ಜಾವಾ 1997ರಲ್ಲೇ ಈ ಹಳೆಯ ಸಾಮಾನಿನ ಬಹುಪಾಲನ್ನು ‘ಇನ್ನು ಬಳಸಬೇಡಿ’ ಎಂದು ಪಕ್ಕಕ್ಕಿಟ್ಟಿತು. ಜಾವಾಸ್ಕ್ರಿಪ್ಟಿಗೆ ಆ ಭಾಗ್ಯವಿಲ್ಲ. ಲೋಕದ ಅಷ್ಟೂ ವೆಬ್ ಪುಟಗಳು ಅದನ್ನೇ ನೆಚ್ಚಿಕೊಂಡಿವೆ. ಇಂದು ಜನವರಿಗೆ ಒಂದು ಎಂದರೆ ನಾಳೆ ಎಲ್ಲರ ರೈಲು ಟಿಕೆಟ್ಟೂ ತಿಂಗಳು ತಪ್ಪುತ್ತದೆ.

ಅದರ ಇನ್ನೊಂದು ಗುಣ, ಯಾವುದಕ್ಕೂ ಇಲ್ಲ ಎನ್ನದಿರುವುದು. 2023ರ ಫೆಬ್ರವರಿ 31 ಕೊಡಪ್ಪಾ ಎಂದು ತಿಂಗಳು, ತಾರೀಖು ಬಿಡಿಸಿ ಹೇಳಿದರೆ, ಅಂಥ ದಿನವೇ ಇಲ್ಲ ಎಂದು ಮುಖ ಮುರಿಯುವುದಿಲ್ಲ. ಗೌರಿ ಹಬ್ಬಕ್ಕೆ ರವಿಕೆ ಹೊಲಿದುಕೊಡುತ್ತೇನೆಂದ ಟೈಲರಿನಂತೆ ಹೂಂಗುಟ್ಟಿ, ಮಾರ್ಚ್ 3ನ್ನು ಕೈಗಿಡುತ್ತದೆ.

ಇಷ್ಟೆಲ್ಲ ನಮ್ಮ ವೃತ್ತಿಯವರ ಒಳಮನೆಯ ಜಗಳ. ಅದು ದೊಡ್ಡಪ್ಪನ ತನಕ ಹೋದದ್ದು ಅವರ ಮಗಳು ನ್ಯೂಜೆರ್ಸಿಯಲ್ಲಿ ಕೂತು ಅಪ್ಪನ ವಿಮೆಗೆಂದು ಯಾವುದೋ ಫಾರಂ ತುಂಬಿದಾಗ. ‘ಜೂನ್ 1, 1950 ಅಂತ ಹಾಕಿದ್ದೀನಿ ಕಣೋ, ಮೇ 31 ಅಂತ ತೋರಿಸ್ತಿದೆ. ನೀನೇ ತಾನೆ ಕಂಪ್ಯೂಟರ್ ಓದಿದೋನು?’ ಎಂದು ಅಕ್ಕ ರಾತ್ರೋರಾತ್ರಿ ಫೋನ್ ಮಾಡಿದಳು.

ಕಾರಣ ಒಂದು ಅಡ್ಡಗೆರೆ. 1950-06-01 ಎಂದು ಅಡ್ಡಗೆರೆ ಎಳೆದು ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಗ್ರೀನಿಚ್ಚಿನ ಮಧ್ಯರಾತ್ರಿ ಎಂದು ತಿಳಿಯುತ್ತದೆ. ಓರೆಗೆರೆ ಎಳೆದು 1950/06/01 ಎಂದರೆ ನಮ್ಮೂರ ಮಧ್ಯರಾತ್ರಿ ಎಂದು. ಗ್ರೀನಿಚ್ಚಿನಲ್ಲಿ ಜೂನ್ 1 ಹುಟ್ಟುವಾಗ ನಮ್ಮಲ್ಲಿ ಬೆಳಗಿನ ಐದೂವರೆ, ತಾರೀಖಿಗೆ ಅಪಾಯವಿಲ್ಲ. ನ್ಯೂಜೆರ್ಸಿಯಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ ಎಂಟು. ಅಸಲಿಗೆ ಆ ಭಾಷೆಯ ಒಡಲಲ್ಲಿ ತಾರೀಖು ಎಂಬುದೇ ಇಲ್ಲ. ಇರುವುದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳು. ಅದಕ್ಕೂ ಮುಂಚೆ ಹುಟ್ಟಿದವರೆಲ್ಲ ಸಾಲಗಾರರು. ದೊಡ್ಡಪ್ಪನ ಜನ್ಮದಿನ ಅಲ್ಲಿ ಮೈನಸ್ 61,810 ಕೋಟಿ 56 ಲಕ್ಷ. ‘ಮೈನಸ್ ತೆಗೆದು ಬ್ಯಾಂಕಿಗೆ ಹಾಕೋಕೆ ಹೇಳು’ ಎಂದರು ಅವರು.

ಮೇ 31ರ ಬಗ್ಗೆ ಮಾತ್ರ ಅವರಿಗೆ ದೂರೇ ಇರಲಿಲ್ಲ. ‘ಸರ್ಕಾರಾನೂ ನನ್ನನ್ನ ಮೇ 31ಕ್ಕೇ ಮನೆಗೆ ಕಳಿಸಿದ್ದು. ಕಂಪ್ಯೂಟರ್ ರೂಲ್ಸ್ ಓದ್ಕೊಂಡಿದೆ’ ಎಂದರು. ನಿಜವೇ. ತಿಂಗಳ ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗುತ್ತಾನೆ. ಅವರ ಓರಗೆಯವರಲ್ಲಿ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದರಿಂದ ಮೇ 31ಕ್ಕೆ ಹಾರ, ಶಾಲುಗಳಿಗೆ ಬರ. ಅಷ್ಟು ಹೆರಿಗೆಗಳು ಒಂದೇ ದಿನ ಆದದ್ದು ಹೆಡ್ಮೇಷ್ಟರ ಕೈಯಲ್ಲಿ. ಶಾಲೆ ತೆರೆಯುವ ದಿನಕ್ಕೆ ಹುಡುಗನಿಗೆ ವಯಸ್ಸು ತುಂಬಿರಬೇಕು. ಮೇಷ್ಟ್ರು ಅವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಜೂನ್ 1 ಎಂದು ಬರೆದು, ಸಹಿ ಹಾಕುತ್ತಿದ್ದರು. ಫೆಬ್ರವರಿ 31ನ್ನು ಮಾರ್ಚ್ 3 ಮಾಡುವ ಯಂತ್ರವನ್ನು ಬೈಯುವ ನಮಗೆ ಈ ಮೇಷ್ಟ್ರ ಮೇಲೆ ಸಿಟ್ಟೇ ಬರುವುದಿಲ್ಲ. ದಿನಾಂಕವೆಂದರೆ ನಾಲ್ಕು ಜನ ಒಪ್ಪಿಕೊಂಡದ್ದು; ಪಾಪದ ಕಂಪ್ಯೂಟರ್ ಅದನ್ನು ಆಕಾಶದಿಂದ ಬಿದ್ದ ಸತ್ಯವೆಂದು ನಂಬಿ ಲೆಕ್ಕಕ್ಕೆ ಕೂರುತ್ತದೆ.

ಈಗ ಟೆಂಪೊರಲ್ ಎಂಬ ಹೊಸ ಏರ್ಪಾಡು ಬ್ರೌಸರುಗಳಿಗೆ ಬರತೊಡಗಿದೆ. ಅದರಲ್ಲಿ ಜನವರಿಗೆ ಒಂದು. ಗಂಟೆ, ಗ್ರೀನಿಚ್ಚುಗಳ ಗೊಡವೆಯಿಲ್ಲದ ಬರೀ ತಾರೀಖೂ ಸಿಗುತ್ತದೆ. ಕಟ್ಟುನಿಟ್ಟಾಗಿರು ಎಂದರೆ ಫೆಬ್ರವರಿ 31ಕ್ಕೆ ಗದರುತ್ತದೆ. ಚೀನೀಯರ, ಯಹೂದಿಗಳ ಅಧಿಕ ಮಾಸವೂ ಅದಕ್ಕೆ ಗೊತ್ತು. ಭಾರತದ್ದೂ ಇದೆ, ಆದರೆ ಅದು 1957ರಲ್ಲಿ ಸರ್ಕಾರ ಒಪ್ಪಿದ ಶಕ ಪಂಚಾಂಗ. ಸೌರಮಾನದ್ದು, ಅಧಿಕ ಮಾಸದ ಸೋಂಕಿಲ್ಲದ್ದು.

ಈ ಕೊರತೆ ದೊಡ್ಡಪ್ಪನಿಗೇ ತಾಗಬೇಕೆ? ಅಜ್ಜಿಯ ಪ್ರಕಾರ ಅವರು ಹುಟ್ಟಿದ್ದು ವಿಕೃತಿ ಸಂವತ್ಸರದ ಅಧಿಕ ಆಷಾಢದಲ್ಲಿ. ಅಧಿಕ ಮಾಸ ಎರಡು-ಮೂರು ವರ್ಷಕ್ಕೊಮ್ಮೆ ಬಂದರೂ ಅದು ಆಷಾಢವೇ ಆಗುವುದು ಅಪರೂಪ. 1996ರಲ್ಲಿ ಬಂದದ್ದು ಮತ್ತೆ ಬಂದದ್ದು 2015ರಲ್ಲಿ. ಉಳಿದ ವರ್ಷ ನಿಜ ಆಷಾಢದಲ್ಲೇ ದೊಡ್ಡಮ್ಮ ಪಾಯಸ ಮಾಡಿ ಮುಗಿಸುತ್ತಾರೆ. ನಾನು ಹುರುಪಿನಿಂದ, ‘ದೊಡ್ಡಪ್ಪ, ನಿಮ್ಮ ನಿಜವಾದ ತಿಥಿ ಹಿಡಿಯೋ ಪ್ರೋಗ್ರಾಂ ಬರೆದುಕೊಡ್ತೀನಿ’ ಎಂದೆ.

‘ಸುಮ್ನಿರೋ ಮಾರಾಯ’ ಎಂದರು. ‘ಆ ಲೆಕ್ಕ ಹಿಡಿದರೆ ನಾನಿನ್ನೂ ಅಂಗನವಾಡಿ ಹುಡುಗ. ಅಂಗನವಾಡಿಯೋರಿಗೆ ಎಲ್ಲಾದರೂ ಪಿಂಚಣಿ ಕೊಡ್ತಾರೇನೋ?’